ನಮ್ಮ ಚಹಾಕ್ಕೆ ಸ್ಯಾಂಪಲ್ ಆಗುವ ಯೋಗ್ಯತೆಯೂ ಇಲ್ವಾ?

ಮೊದಲು ಬೀದರಿನವರಿಗೆ ಅಭಿನಂದನೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಮುಚ್ಚಿಡುವುದೇನಿದೆ. 2024ರ ಜುಲೈನಲ್ಲಿ ಚಹಾಪುಡಿಯಲ್ಲಿ ಕೀಟನಾಶಕ ಇದೆ, ಬಣ್ಣ ಇದೆ ಅಂತ ಸರ್ಕಾರದವರು ಸ್ಯಾಂಪಲ್ ಎತ್ತಿದರಲ್ಲ, ಒಟ್ಟು 48 ಸ್ಯಾಂಪಲ್, ಆಗ ಚಹಾ ಜಾಸ್ತಿ ಕುಡಿಯುವ ಉತ್ತರ ಕರ್ನಾಟಕದ ಜಿಲ್ಲೆಗಳು ಅಂತ ಪೇಪರಿನಲ್ಲಿ ಹೆಸರುಗಳು ಬಂದವು. ಬಾಗಲಕೋಟೆ, ಗದಗ, ಧಾರವಾಡ, ಹುಬ್ಬಳ್ಳಿ, ವಿಜಯನಗರ, ಕೊಪ್ಪಳ, ಬಳ್ಳಾರಿ. ಮತ್ತೆ ಬೀದರ್. ಕಲಬುರಗಿ ಎಲ್ಲಿ? ಯಾದಗಿರಿ ಎಲ್ಲಿ? ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಇಲ್ಲ.

ಇದು ಅನ್ಯಾಯ ಅಲ್ವಾ? ಮೇ ತಿಂಗಳಲ್ಲಿ ಬಿಸಿಲು 44 ಡಿಗ್ರಿ ಮುಟ್ಟಿದಾಗ ಬೇರೆ ಊರಿನವರು ಎಳನೀರು ಹುಡುಕುತ್ತಾರೆ. ನಮ್ಮವರು ಕಲಬುರಗಿಯ ಪೇಟೆ ಪ್ರದೇಶವಾದ ಸೂಪರ್ ಮಾರ್ಕೆಟ್‌ನಲ್ಲಿ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಕುದಿಯುವ ಚಹಾವನ್ನು ಬಶಿಗೆ ಸುರಿದು, ಊದಿ ಊದಿ ಕುಡಿದು, "ಈಗ ತಂಪಾತು ನೋಡ್ರಿ" ಅನ್ನುತ್ತಾರೆ. ಇಂಥ ಊರನ್ನು ಬಿಟ್ಟು ಚಹಾ ಕುಡಿಯುವವರ ಪಟ್ಟಿ ಮಾಡುತ್ತಾರಂತೆ. ಕಲಬುರಗಿಗೆ ರೈಲ್ವೆ ವಿಭಾಗ ಅಂತ 2014ರಲ್ಲಿ ಘೋಷಣೆ ಮಾಡಿ ಕೈಬಿಟ್ಟರು, ಸುಮ್ಮನಿದ್ದೆವು. ಹೆಸರು ಕಲ್ಯಾಣ ಕರ್ನಾಟಕ ಅಂತ ಮಾಡಿದರು, ಕಲ್ಯಾಣ ಆಗುತ್ತದೆ ಬಿಡು ಅಂತ ಕಾದೆವು. ಈಗ ವಿಷ ಹುಡುಕುವುದರಲ್ಲೂ ಪ್ರಾದೇಶಿಕ ಅಸಮತೋಲನ. ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದ ನಂಜುಂಡಪ್ಪ ವರದಿಗೆ ಒಂದು ಅನುಬಂಧ ಸೇರಿಸಬೇಕಿತ್ತು.

ಪಾಪ, ಸರ್ಕಾರಕ್ಕೂ ಪುರಸೊತ್ತು ಎಲ್ಲಿದೆ. ಆ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣ ನಿಷೇಧ ಆಯಿತು. ಜೂನ್‌ನಲ್ಲಿ ಕಬಾಬ್ ಸರದಿ. ಅದರ ಹಿಂದೆಯೇ ಪಾನಿಪುರಿ. ಪಾನಿಪುರಿ ನೀರು ಆರುವ ಮೊದಲೇ ಚಹಾ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸುವ ಪ್ಲಾಸ್ಟಿಕ್ ಹಾಳೆ ಸಿಕ್ಕಿತು, ಅಷ್ಟರಲ್ಲಿ ಚಹಾದ ವಿಷಯ ಯಾರ ಬಾಯಲ್ಲೂ ಇರಲಿಲ್ಲ. ಒಂದೊಂದು ತಿಂಡಿಗೆ ಒಂದೊಂದು ವಾರ. ಟಿವಿಯಲ್ಲಿ ಕೆಂಪು ಅಕ್ಷರ, ನಡುವೆ ತಲೆಬುರುಡೆ ಚಿತ್ರ, ಹಿಂದೆ ಭಯಂಕರ ಸಂಗೀತ. ಆ ಚರ್ಚೆ ನೋಡುವಾಗ ನಮ್ಮ ಕೈಯಲ್ಲಿ ಏನಿರುತ್ತದೆ ಅಂತ ಬೇರೆ ಹೇಳಬೇಕಾ?

ಚಹಾ ಅಂದೆನಲ್ಲ, ಯಾವ ಚಹಾ ಅಂತ ಕೇಳಬೇಕು ನೀವು. ನಮ್ಮ ಕಡೆ ಚಹಾ ಒಂದೇ ಅಲ್ಲ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುವವರದು ಖಡಕ್ ಚಹಾ, ಸಕ್ಕರೆ ಜಾಸ್ತಿ, ಅರ್ಧ ಗ್ಲಾಸು, ನಿಂತಲ್ಲೇ ಎರಡು ಗುಟುಕು. ಊಟ ಭಾರ ಆದವರಿಗೆ ಸುಲೇಮಾನಿ, ಹಾಲಿಲ್ಲ, ಮೇಲೆ ನಿಂಬೆ ಹನಿ. ಆರೋಗ್ಯದ ಕಾಳಜಿ ಇರುವವರಿಗೆ ಬೆಲ್ಲದ ಚಹಾ ಬಂದಿದೆ. ಬೆಲ್ಲ ಹಳದಿಯಾಗಿ ಹೊಳೆಯಲಿ ಅಂತ ಹೈಡ್ರೋಸ್ ಅನ್ನುವ ಬಿಳುಪಿನ ರಾಸಾಯನಿಕ ಸುರಿಯುವ ವಿಷಯ ಅವರಿಗೆ ಯಾರೂ ಹೇಳಬೇಡಿ, ಖುಷಿಯಾಗಿರಲಿ.

ಇನ್ನು ಇರಾನಿ ಚಹಾ. ಇದಕ್ಕೆ ಮಾತ್ರ ಸ್ವಲ್ಪ ಜಾಗ ಕೊಡಲೇಬೇಕು. ಡಿಕಾಕ್ಷನ್ ಒಂದು ಪಾತ್ರೆಯಲ್ಲಿ, ಮುಚ್ಚಳ ಬಿಗಿದು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಯುತ್ತದೆ. ಹಾಲು ಇನ್ನೊಂದು ಕಡೆ ಕಾಯ್ದು ಕಾಯ್ದು ಕೆನೆಗಟ್ಟುತ್ತದೆ. ಎರಡೂ ಸೇರುವುದು ಕಪ್ಪಿನಲ್ಲೇ. ಪಕ್ಕದಲ್ಲಿ ಉಸ್ಮಾನಿಯಾ ಬಿಸ್ಕತ್ತು, ಒಂದು ಕಡೆ ಸಿಹಿ ಒಂದು ಕಡೆ ಉಪ್ಪು. ನಿಜಾಮರ ಆಳ್ವಿಕೆಯಿಂದ ನಮಗೆ 1948ರ ಸೆಪ್ಟೆಂಬರ್ 17ಕ್ಕೆ ಬಿಡುಗಡೆ ಸಿಕ್ಕಿತು, ಕೊನೆಯ ನಿಜಾಮರ ಹೆಸರಿನ ಬಿಸ್ಕತ್ತಿನಿಂದ ಇನ್ನೂ ಸಿಕ್ಕಿಲ್ಲ. ಸಿಗುವುದೂ ಬೇಡ. ಬೀದರಿನಲ್ಲಿ ಈ ಚಹಾ ಮುಂದಿಟ್ಟುಕೊಂಡು ಕೂತವರು ರಾಜಕೀಯ ಶುರು ಮಾಡಿದರೆ ದೆಹಲಿಯಿಂದ ಹುಮನಾಬಾದ್ ತನಕ ಯಾವ ಸರ್ಕಾರವೂ ಸಂಜೆಯವರೆಗೆ ಉಳಿಯುವುದಿಲ್ಲ.

ಚಹಾ ಮಾಡುವುದಕ್ಕೂ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಗೊತ್ತಾ? ಐಎಸ್‌ಒ 3103. ರುಚಿ ಹೋಲಿಸಿ ನೋಡುವವರಿಗಾಗಿ ಮಾಡಿದ್ದು. 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ ನೆನೆಯಬೇಕು, ಮುಗಿಯಿತು. ಇದೇ ವಿಷಯಕ್ಕೆ ಬ್ರಿಟಿಷರು ಆರು ಪುಟ ಬರೆದಿದ್ದರು, ಅದಕ್ಕೆ 1999ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆ ಪ್ರಶಸ್ತಿಯೂ ಬಂತು. ಆರು ನಿಮಿಷವಂತೆ! ನಮ್ಮ ಹೋಟೆಲುಗಳಲ್ಲಿ ಬೆಳಗ್ಗೆ ಒಲೆ ಹತ್ತಿದರೆ ಅದೇ ಪಾತ್ರೆ, ಅದೇ ಪುಡಿ, ಮೇಲೊಂದಿಷ್ಟು ಹೊಸ ಪುಡಿ, ಮತ್ತೆ ಹಾಲು, ಮತ್ತೆ ಕುದಿ. ಎಲೆಯಲ್ಲಿ ಏನೇನಿದೆಯೋ ಅದೆಲ್ಲ ಹೊರಗೆ ಬಂದು ಶರಣಾಗಬೇಕು. ಯಾವ ವಿಜ್ಞಾನಿಯಾದರೂ ನಮ್ಮ ಪದ್ಧತಿಯಲ್ಲೇ ಕುದಿಸಿ ಪರೀಕ್ಷೆ ಮಾಡಬೇಕು ಅಂತ ನನ್ನ ಆಸೆ. ಎಮ್ಮೆ ಹಾಲು ನಾವೇ ಕೊಡುತ್ತೇವೆ.

ಈಗ ಅಸಲಿ ವಿಷಯ. ಸೊಪ್ಪು ತರುತ್ತೇವೆ, ತೊಳೆಯುತ್ತೇವೆ. ದ್ರಾಕ್ಷಿ ತಂದರೆ ಉಪ್ಪು ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುತ್ತೇವೆ. ಚಹಾ ಎಲೆಯನ್ನು ಯಾರಾದರೂ ತೊಳೆದದ್ದು ನೋಡಿದ್ದೀರಾ? ತೋಟದಲ್ಲಿ ಕಿತ್ತರು, ಬಾಡಿಸಿದರು, ಹೊಸಕಿದರು, ಒಣಗಿಸಿದರು, ಚೀಲ ತುಂಬಿದರು. ಅದರ ಮೊದಲ ಸ್ನಾನ ನಿಮ್ಮ ಮನೆಯ ಪಾತ್ರೆಯಲ್ಲೇ. ಆ ಸ್ನಾನದ ನೀರನ್ನೇ ಸೋಸಿ, ಅತಿಥಿಗಳಿಗೆ ಮೊದಲು ಕೊಟ್ಟು, ಉಳಿದದ್ದನ್ನು ನಾವು ಕುಡಿಯುತ್ತೇವೆ. ಅದರ ಮೇಲೆ ಒಂದು ಕಿಲೋ ಚಹಾಪುಡಿ ಆಗಬೇಕಾದರೆ ನಾಲ್ಕರಿಂದ ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ನೀರು ಆರಿ ಹೋಗುತ್ತದೆ, ತೋಟದಲ್ಲಿ ಹೊಡೆದ ಔಷಧ, ಅಂದರೆ ಕೀಟನಾಶಕ, ಪೂರ್ತಿ ಆರುವುದಿಲ್ಲ.

ಕೆಲವು ಔಷಧಗಳು ನೀರಿಗೆ ಬೇಗ ಬಿಡುತ್ತವೆ, ಕೆಲವು ಎಲೆಗೇ ಅಂಟಿಕೊಂಡು ಕೂರುತ್ತವೆ. ಡಿಡಿಟಿ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಹೆಚ್ಚಿನದು ಚರಟದಲ್ಲೇ ಉಳಿಯುತ್ತದೆ. ಆ ಚರಟ ಒಯ್ದು ನಾವು ಗುಲಾಬಿ ಕುಂಡಕ್ಕೆ ಹಾಕುತ್ತೇವೆ, ಆ ಮಾತು ಬೇರೆ. ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಮಾತ್ರ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಸಕ್ಕರೆ ಕದಡುವ ಕಷ್ಟವೂ ಇಲ್ಲ.

ಇದೆಲ್ಲ ಹೊಸದೇನಲ್ಲ. 2014ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು 49 ಚಹಾ ಸ್ಯಾಂಪಲ್ ಪರೀಕ್ಷೆ ಮಾಡಿಸಿದರು, ಎಲ್ಲ ಪ್ಯಾಕೆಟ್ ಚಹಾ, ಹೆಸರುವಾಸಿ ಕಂಪನಿಗಳದ್ದೇ. 46ರಲ್ಲಿ ಕೀಟನಾಶಕ ಸಿಕ್ಕಿತು, ಒಟ್ಟು 34 ಬಗೆಯದು. ಮೂರರಲ್ಲಿ ಎರಡು ಪಾಲು ಸ್ಯಾಂಪಲ್‌ಗಳಲ್ಲಿ ಡಿಡಿಟಿ ಇತ್ತು. ಬೆಳೆಗೆ ಡಿಡಿಟಿ ಹೊಡೆಯಬಾರದು ಅಂತ ನಮ್ಮ ದೇಶ ಆಜ್ಞೆ ಮಾಡಿದ್ದು 1989ರಲ್ಲಿ! ನಮ್ಮ ವಯಸ್ಸಿನವರಿಗೆ ಡಿಡಿಟಿ ಅಂದರೆ ಮಲೇರಿಯಾ ಇಲಾಖೆಯವರು. ಹೆಗಲಿಗೆ ಪಂಪು ಹಾಕಿಕೊಂಡು ಬಂದು, ಗೋಡೆಗೆ ಬಿಳಿ ಬಿಳಿ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಮುತ್ಯಾ ಅವರನ್ನು ಕೂಡಿಸಿ ಚಹಾ ಕೊಡುತ್ತಿದ್ದ. ಡಿಡಿಟಿಗೂ ಚಹಾಕ್ಕೂ ಹಳೇ ಸ್ನೇಹ, ಈಗ ಅರ್ಥ ಆಯಿತು.

ಆ ವರದಿ ಬಂದಾಗ ಕೇಂದ್ರ ಸರ್ಕಾರದ ಟೀ ಬೋರ್ಡ್ ಏನು ಹೇಳಿತು? ಎಲ್ಲ ನಮ್ಮ ಕಾನೂನಿನ ಮಿತಿಯೊಳಗೇ ಇದೆ, ಗಾಬರಿ ಬೇಡ. ಮಿತಿ ಅನ್ನುವುದು ಎಂಥ ಒಳ್ಳೆಯ ವಸ್ತು ನೋಡಿ, ಪಾಸ್‌ಪೋರ್ಟ್ ನೋಡಿ ಬದಲಾಗುತ್ತದೆ. ಅದೇ 49ರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾಂಪಲ್‌ಗಳು ಯುರೋಪಿನ ಮಿತಿ ದಾಟಿದ್ದವು. ಅಂದರೆ ಜರ್ಮನಿಯಲ್ಲಿ ಫೇಲಾದ ಚಹಾ ಚಿತ್ತಾಪುರಕ್ಕೆ ಬಂದರೆ ಪಾಸು. ನಮ್ಮ ಲಿವರ್ ಗಟ್ಟಿ, ಜೋಳದ ರೊಟ್ಟಿ ತಿಂದದ್ದು, ಅಂತ ಯಾರೋ ಲೆಕ್ಕ ಹಾಕಿರಬೇಕು. 2022ರಲ್ಲಿ ಚಹಾ ರಫ್ತು ಮಾಡುವವರ ಸಂಘದ ಅಧ್ಯಕ್ಷರೇ ಬಾಯಿಬಿಟ್ಟು ಹೇಳಿದರು, ಕೀಟನಾಶಕ ಜಾಸ್ತಿ ಇದೆ ಅಂತ ವಿದೇಶದವರು ಮಾಲು ವಾಪಸ್ ಕಳಿಸುತ್ತಿದ್ದಾರೆ ಅಂತ. ವಾಪಸ್ ಬಂದ ಚಹಾ ಏನಾಯಿತು? ಸಮುದ್ರಕ್ಕೆ ಸುರಿದರಾ? ಸುಮ್ನೆ ಕೇಳಿದೆ.

ಮನೆಮನೆಯಲ್ಲಿ ಇದಕ್ಕೆ ಪರಿಹಾರವೂ ಸಿದ್ಧ ಇದೆ. ಒದ್ದೆ ಕಾಗದದ ಮೇಲೆ ಚಹಾಪುಡಿ ಉದುರಿಸಿ, ಕಲೆ ಬಿಟ್ಟರೆ ಕಲಬೆರಕೆ, ಅಂತ ವಾಟ್ಸಾಪ್‌ನಲ್ಲಿ ದಿನಕ್ಕೊಬ್ಬರು ಕಳಿಸುತ್ತಾರೆ. ಪರೀಕ್ಷೆ ಸುಳ್ಳಲ್ಲ, ಬೆರೆಸಿದ ಬಣ್ಣ ಹಿಡಿಯುವುದಕ್ಕೆ ಅದು ಸರಿ. ಕೀಟನಾಶಕ ಮಾತ್ರ ಕಾಗದಕ್ಕೂ ಬಗ್ಗುವುದಿಲ್ಲ, ಅಯಸ್ಕಾಂತಕ್ಕೂ ಬಗ್ಗುವುದಿಲ್ಲ. ಅದಕ್ಕೆ ಲ್ಯಾಬು ಬೇಕು, ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು. ಇನ್ನು ಕೆಲವರು "ನಾನು ಗ್ರೀನ್ ಟೀಗೆ ಬದಲಾದೆ" ಅಂತ ಮುಖದಲ್ಲಿ ಒಂದು ಕಳೆ ತಂದುಕೊಂಡು ಹೇಳುತ್ತಾರೆ. ಅದೇ ಗಿಡ ಸ್ವಾಮಿ, ಅದೇ ಎಲೆ, ಹೊಡೆಯುವುದೂ ಅದೇ ಪಂಪು. ಬದಲಾದದ್ದು ರೊಕ್ಕ ಮಾತ್ರ.

ಕಪ್ಪಿನ ಮಾತು ಇನ್ನೂ ಚಂದ. ಕಾಗದದ ಕಪ್ಪಿಗೆ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಬಿಸಿ ಪಾನೀಯ 15 ನಿಮಿಷ ಇಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಖರಗ್‌ಪುರದ ಐಐಟಿಯವರು ಲೆಕ್ಕ ಮಾಡಿ ಹೇಳಿದ್ದಾರೆ. ನಮ್ಮಲ್ಲಿ ಕಪ್ಪಿನ ಗೊಡವೆಯೂ ಇಲ್ಲ. ಪಾರ್ಸಲ್ ಅಂದರೆ ಕುದಿಯುವ ಚಹಾವನ್ನು ಸೀದಾ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ದಾರ ಕಟ್ಟಿ, ಬೆರಳಿಗೆ ತೂಗಿಸಿಕೊಂಡು ಕಚೇರಿಯ ಮೆಟ್ಟಿಲು ಹತ್ತುವುದು. ಆಹಾರ ಸುರಕ್ಷತೆಯ ಸಭೆಗೂ ಚಹಾ ಹೀಗೇ ಬರುತ್ತದೆ ಅಂತ ನನ್ನ ಗುಮಾನಿ.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಇಲ್ಲಿಗೆ ನಗು ಬರುವುದಿಲ್ಲ. ಸುಗ್ಗಿಗೆ ಮುಂಚೆ ಒಮ್ಮೆ ಶಹಾಪುರ, ಸುರಪುರದ ಕಡೆ ಹೋಗಿ ನೋಡಿ. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಔಷಧ ಹೊಡೆಯುವ ಹುಡುಗರಿಗೆ ಮುಖಕ್ಕೆ ಒಂದು ಟವೆಲ್, ಅಷ್ಟೇ. ಕೈಗವಸು ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ. ಡಬ್ಬಿಯ ಮೇಲಿನ ಸೂಚನೆ ಇರುವೆ ತಲೆಯಷ್ಟು ಅಕ್ಷರದಲ್ಲಿ. ಮಾರನೇ ದಿನ ಅದೇ ಹೊಲಕ್ಕೆ ಹೆಣ್ಣುಮಕ್ಕಳು ಕಳೆ ತೆಗೆಯಲು ಇಳಿಯುತ್ತಾರೆ. 2017ರಲ್ಲಿ ನಮ್ಮ ಪಕ್ಕದ ರಾಜ್ಯ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ 20ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಬಿಹಾರದಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು, ಅಡುಗೆಯಲ್ಲಿ ಸೇರಿದ್ದು ಮೊನೊಕ್ರೊಟೊಫಾಸ್. ತರಕಾರಿಗೆ ಇದನ್ನು ಬಳಸಬಾರದು ಅಂತ 2005ರಲ್ಲೇ ಆಜ್ಞೆ ಇತ್ತು. ಆಜ್ಞೆ ಫೈಲಿನಲ್ಲಿತ್ತು, ಡಬ್ಬಿ ಅಂಗಡಿಯಲ್ಲಿತ್ತು. ಚಹಾ ತೋಟದಲ್ಲೂ ಹೊಡೆಯುವವರು, ಎಲೆ ಕೀಳುವವರು ಇಂಥ ಬಡವರೇ. ಅವರ ಮೂಗು, ಚರ್ಮ, ಕಣ್ಣು ದಾಟಿ ಉಳಿದದ್ದು ನಮ್ಮ ಕಪ್ಪಿಗೆ ಬರುತ್ತದೆ. ನಾವು ಕಪ್ಪು ಹಿಡಿದುಕೊಂಡು ಹೆದರುತ್ತೇವೆ. ಸಾಕಾಗಿದೆ ನನಗೆ ಈ ನಾಟಕ.

ಸ್ಯಾಂಪಲ್ ಎತ್ತುವುದಿದ್ದರೆ ಗುವಾಹಟಿ, ಸಿಲಿಗುರಿ, ಕೂನೂರಿನಲ್ಲಿ ಎತ್ತಿ. ಅಲ್ಲಿ ಹರಾಜು ಕೇಂದ್ರಗಳಿವೆ, ಮಾಲು ರಾಶಿ ರಾಶಿ ಬರುತ್ತದೆ, ಯಾವ ತೋಟದ್ದು ಅಂತ ಚೀಲದ ಮೇಲೇ ಗೊತ್ತಾಗುತ್ತದೆ. ಅದು ಬಿಟ್ಟು ತಳ್ಳುಗಾಡಿಯವನ ಡಬ್ಬಿಗೆ ಕೈ ಹಾಕಿದರೆ ಅವನು ಏನು ಹೇಳಬೇಕು? ಅವನಿಗೆ ಗೊತ್ತಿರುವುದು ಪುಡಿಯ ರೇಟು, ಹಾಲಿನ ರೇಟು, ಗ್ಯಾಸಿನ ರೇಟು.

ನಮ್ಮ ಓಣಿಯ ಚಹಾದ ಕಾಕಾನನ್ನೇ ಕೇಳಿದೆ.

"ಕಾಕಾ, ಸ್ಯಾಂಪಲ್ ಒಯ್ಯಾಕ ಆಫೀಸಿನವ್ರು ಬಂದ್ರ ಏನ್ ಮಾಡ್ತೀರಿ?"

"ಒಯ್ಲಿ ಬಿಡ್ರಿ. ಕುಡ್ದು ಹೋಗೋರು ಎಷ್ಟ್ ಮಂದಿ ಅದಾರ, ಇವ್ರು ಕಟ್ಟಿಸ್ಕೊಂಡು ಹೋಗ್ತಾರ."

"ಹಂಗಲ್ಲ ಕಾಕಾ. ಸ್ಯಾಂಪಲ್ ಒಯ್ದ್ರ ಅದರ ರೊಕ್ಕ ಕೊಡಬೇಕು ಅಂತ ಕಾನೂನಿನಾಗ ಬರ್ದದ."

ಕಾಕಾ ಸೋಸುವುದನ್ನು ನಿಲ್ಲಿಸಲಿಲ್ಲ. "ಬರ್ದದ್ದು ಭಾಳ ಅದ ಬಿಡ್ರಿ. ನಿಮ್ಮ ಹೆಸರಿನಾಗ ಹೋದ ವಾರದ ಬಾಕಿನೂ ಬರ್ದದ. ಮೊದ್ಲ ಅದು ಕೊಡ್ರಿ."