ಬೈಂಡಿಂಗೂ ನಮ್ ಮಡಿಕೇರಿ ಮಳೆನೂ
ಹಳೆ ಸ್ಕೀ ಬೈಂಡಿಂಗ್ (ಹಿಮದ ಮೇಲೆ ಜಾರೋ ಸ್ಕೀ ಹಲಗೆಗೆ ಬೂಟನ್ನ ಹಿಡ್ಕೊಂಡು, ಬಿದ್ದಾಗ ಬಿಡೋ ಕ್ಲಿಪ್ಪು) ತಗೊಂಡ್ರೆ ದುಡ್ಡು ಉಳಿಯುತ್ತೆ ಅಂತ ನಿಮ್ ಲೇಖನದಲ್ಲಿ ಬರ್ದಿದೀರ, ಸರಿ, ಆದ್ರೆ ಇಡೋದೆಲ್ಲಿ ಅಂತ ಹೇಳ್ಲೇ ಇಲ್ಲ ಸಾರ್. ನಾನು ಗುಲ್ಮಾರ್ಗ್‌ಗೆ ಹೋಗಕ್ಕೆ ಅಂತ ಒಂದ್ ಜೊತೆ ತಗೊಂಡು ಅಟ್ಟದಲ್ಲಿ ಕರಿಮೆಣಸಿನ ಚೀಲದ ಪಕ್ಕ ಇಟ್ಟಿದ್ದೆ, ಜೂನಿಂದ ಸೆಪ್ಟೆಂಬರ್ ಮಳೆ ಮುಗ್ದು ತೆಗೆದ್ರೆ ಸ್ಕ್ರೂ ತಲೆಯೆಲ್ಲ ತುಕ್ಕು, ಹಿಮ್ಮಡಿ ಕಡೆ ಬೂಷ್ಟು, ಅಮ್ಮ ನೋಡಿ ಇದೇನು ಇಲಿ ಬೋನಾ ಅಂದ್ರು (ಬೂಟು ಕಳಚಿದಾಗ ಸ್ಕೀ ಜಾರಿ ಹೋಗ್ದಂಗೆ ತಡೆಯೋ ಬ್ರೇಕ್ ಪಟ್ ಅಂತ ಬಡ್ಕೊಂಡು ನನ್ ಬೆರಳು ಸಿಕ್ಕಾಕೊಂಡಾಗ ಅದೇ ನಿಜ ಅನ್ನಿಸ್ತು). ಪೆಟ್ರೋಲ್ ಹಾಕಿ ತೊಳೀಬೇಡಿ, ಒಳಗಿನ ಗ್ರೀಸೇ ಹೋಗುತ್ತೆ, ಒದ್ದೆ ಬಟ್ಟೇಲಿ ಒರೆಸಿ ಒಣಗಿಸಿದ್ರೆ ಸಾಕು. ಸ್ಕೀಯಿಂದ ಸ್ಕ್ರೂ ಬಿಚ್ಚೋದಿದ್ರೆ ಪೋಜಿಡ್ರೈವ್ ಅನ್ನೋ ತರದ 3 ನಂಬರ್ ಸ್ಕ್ರೂಡ್ರೈವರ್ ಬಿಟ್ ಬೇಕೇ ಬೇಕು, ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ಹಾಕಿದ್ರೆ ತಲೆ ಸವೆದೋಗುತ್ತೆ. ಇನ್ನೊಂದು, ಹಿಂದಿನ ಓನರ್ ಇಟ್ಟಿದ್ದ ಡಿನ್ ನಂಬರಲ್ಲೇ (ಎಷ್ಟು ಬಲ ಬಿದ್ರೆ ಬೈಂಡಿಂಗ್ ಬೂಟನ್ನ ಬಿಡ್ಬೇಕು ಅನ್ನೋ ಸೆಟ್ಟಿಂಗು) ಹಾಕ್ಕೊಂಡು ಇಳೀಬೇಡಿ, ಅದು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಭಾಗ ಎಷ್ಟು ಮಿಮೀ ಉದ್ದ ಇದೆ, ಹೆಂಗ್ ಓಡಿಸ್ತೀರ ಇದೆಲ್ಲ ನೋಡಿ ಇಡೋದು, ಬೈಂಡಿಂಗ್ ಮೇಲೆ ನಂಬರ್ ತೋರ್ಸೋ ಪುಟ್ಟ ಕಿಟಕಿಲಿ 6 ಅಂತ ಕಂಡ್ರೂ ಹಳೆ ಸ್ಪ್ರಿಂಗು ಅಷ್ಟಕ್ಕೇ ಬಿಡುತ್ತೆ ಅಂತ ಗ್ಯಾರಂಟಿ ಇಲ್ಲ, ಮಷೀನಲ್ಲಿ ಟೆಸ್ಟ್ ಮಾಡ್ಸಿ. ನಂದು ಈಗ ಒಲೆ ಮನೆ ಗೋಡೆಗೆ ನೇತಾಕಿದೀನಿ, ಬೆಚ್ಚಗಿದೆ.