ಚೀಪ್ ಅಂತೆ, ಚೀಪ್!

ನಿನ್ನೆ ಅಣ್ಣನ ಮಗಳ ಕುಬಸ. ಎಲೆ ಮುಂದೆ ಕೂತಿದ್ದೆ. ಹೋಳಿಗೆ ಮೇಲೆ ತುಪ್ಪ ಬೀಳ್ತಾ ಇತ್ತು. ಪಕ್ಕದಲ್ಲಿದ್ದ ಬೀಗರು ಕೇಳಿದರು, 'ವಿಯೆಟ್ನಾಂಗೆ ಹೋಗಿದ್ರಂತಲ್ಲ, ಭಾಳ ಚೀಪ್ ಅಲ್ರೀ?'

ಹೇಗಿತ್ತು ಅಂತ ಕೇಳಲಿಲ್ಲ. ಏನು ನೋಡಿದ್ರಿ ಅಂತ ಕೇಳಲಿಲ್ಲ. ಮಜ್ಜಿಗೆ ಬರೋ ಹೊತ್ತಿಗೆ ಇನ್ನೂ ಮೂರು ಜನರ ಬಾಯಲ್ಲಿ ಅದೇ ಮಾತು ಬಂತು. ಹುಡುಗಿಯ ಕಾರ್ಯ, ಜಗಳ ಬೇಡ ಅಂತ ಸುಮ್ಮನಿದ್ದೆ. ಈಗ ನಿಮ್ಮ ಮುಂದೆ ಕಾರಿಕೊಳ್ಳುತ್ತಿದ್ದೇನೆ. ಓದೋ ಕರ್ಮ ನಿಮ್ಮದು.

ಒಂಬತ್ತು ದಿನದ ಪ್ರವಾಸ. ಹನೋಯ್, ಡನಾಂಗ್, ಹೊಯ್ ಆನ್, ನ್ಯಾ ಟ್ರಾಂಗ್, ಸೈಗಾನ್. ನಮ್ಮ ಗುಂಪಿನಲ್ಲಿ 22 ಜನ. ಮೊದಲ ದಿನ ಹನೋಯ್‌ನಲ್ಲಿ ಫುಟ್‌ಪಾತ್ ಮೇಲೆ ಅಂಗನವಾಡಿ ಮಕ್ಕಳ ಕುರ್ಚಿಯಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಮೊಟ್ಟೆ ಕಾಫಿ ಕುಡಿದೆವು. 1946ರಲ್ಲಿ ಹಾಲು ಸಿಗದೇ ಇದ್ದಾಗ ಹೋಟೆಲ್ ಕೆಲಸದವನೊಬ್ಬ ಹಳದಿ ಲೋಳೆಯನ್ನು ಸಕ್ಕರೆ ಜೊತೆ ಕಡೆದು ಕಾಫಿ ಮೇಲೆ ಹಾಕಿದ್ದಂತೆ. ಕೊರತೆಯಿಂದ ಹುಟ್ಟಿದ್ದು ಈಗ ಊರಿನ ಹೆಮ್ಮೆ. ನಾನು ಕಪ್ ಕೆಳಗಿಡೋದರೊಳಗೆ ನಮ್ಮವರೊಬ್ಬರು ಮೊಬೈಲ್‌ನಲ್ಲಿ ಲೆಕ್ಕ ಹಾಕಿ ಕೂಗಿದರು: 'ಬೆಂಗಳೂರಲ್ಲಿ ಇದಕ್ಕೆ ಮುನ್ನೂರು ತಗೋತಾರೆ, ಚೀಪ್!'

ಅಲ್ಲಿಂದ ಶುರುವಾಯಿತು. ಮಸಾಜ್ ಚೀಪ್. ಲಾಂಡ್ರಿ ಚೀಪ್. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುತ್ತದಲ್ಲ, ನಮ್ಮವರು ಕೈಯಲ್ಲಿ ಲಕ್ಷಗಟ್ಟಲೆ ಹಿಡಿದು ಜಮೀನ್ದಾರರ ಥರ ಓಡಾಡಿದರು.

ಡನಾಂಗ್ ನನಗೆ ಹಿಡಿಸಿದ್ದು ಬೆಳಗಿನ ಜಾವಕ್ಕೆ. ನಿದ್ದೆ ಬರಲಿಲ್ಲ ಅಂತ ಐದು ಗಂಟೆಗೆ ಮೀ ಖೆ ಬೀಚಿಗೆ ಹೋದೆ. ಖಾಲಿ ಇರುತ್ತೆ ಅಂದುಕೊಂಡಿದ್ದೆ. ಅರ್ಧ ಊರೇ ನೀರಲ್ಲಿತ್ತು! ಅಜ್ಜಿಯರು ಕುತ್ತಿಗೆಮಟ್ಟ ನೀರಲ್ಲಿ ನಿಂತು ಹರಟೆ ಹೊಡೀತಿದ್ದರು, ನಮ್ಮ ಕಡೆ ಕಟ್ಟೆ ಮೇಲೆ ಕೂತ ಹಾಗೆ. ಬಿಸಿಲು ಏರೋದರೊಳಗೆ ಎಲ್ಲರೂ ಮೈ ತೊಳೆದು, ಸ್ಕೂಟರ್ ಹತ್ತಿ, ಕೆಲಸಕ್ಕೆ ಹೋದರು. ನಮ್ಮ ಗುಂಪು ಬೀಚಿಗೆ ಬಂದದ್ದು ಹತ್ತೂವರೆಗೆ. ಬಂದವರ ಮೊದಲ ಪ್ರಶ್ನೆ: 'ಈ ಕೊಡೆಗೆ ಎಷ್ಟಂತೆ?'

ಈಗ ಅಸಲು ವಿಷಯ. ಡನಾಂಗ್ ಹತ್ತಿರ ಬಾ ನಾ ಬೆಟ್ಟ ಇದೆ. ಎರಡು ದೊಡ್ಡ ಕೈ ಹಿಡಿದುಕೊಂಡಿರೋ ಚಿನ್ನದ ಬಣ್ಣದ ಸೇತುವೆ, ನಿಮ್ಮ ರೀಲ್‌ಗಳಲ್ಲಿ ಬರುತ್ತಲ್ಲ, ಅದೇ. ಪಾಚಿ ಹಿಡಿದ ಹಳೇ ಕಲ್ಲಿನ ಕೈ ಅಂತ ಕಾಣುತ್ತದೆ. ಅದು ಫೈಬರ್ ಗ್ಲಾಸ್, ಕಟ್ಟಿದ್ದು 2018ರಲ್ಲಿ. ಟಿಕೆಟ್ ನಮ್ಮ 3,000 ರೂಪಾಯಿ ಆಸುಪಾಸು. ಅಲ್ಲಿ ಒಬ್ಬರಾದರೂ ಚೌಕಾಸಿ ಮಾಡಿದರಾ? ಉಸಿರೆತ್ತಲಿಲ್ಲ! ಕಾರ್ಡ್ ಉಜ್ಜಿ ಒಳಗೆ ಹೋದರು. ಅದೇ ಜನ ಸಂಜೆ ಹೊಯ್ ಆನ್‌ನಲ್ಲಿ ಕಾಗದದ ದೀಪ ಮಾರೋ ಮುದುಕಿ ಹತ್ತಿರ ಹತ್ತು ನಿಮಿಷ ಜಗ್ಗಾಡಿದರು. ಗಾಜಿನ ಕೌಂಟರ್ ಹಿಂದೆ ಕೂತವಳ ಹತ್ತಿರ ಬಾಯಿಲ್ಲ. ನೆಲದ ಮೇಲೆ ಕೂತವಳ ಹತ್ತಿರ ಎಲ್ಲಿಲ್ಲದ ಬಾಯಿ.

'ಸಾರ್, ಮಧ್ಯಮ ವರ್ಗದವರು, ಕಷ್ಟಪಟ್ಟು ಕೂಡಿಟ್ಟು ಹೋಗ್ತಾರೆ, ರೇಟ್ ಕೇಳೋದು ತಪ್ಪಾ?' ಅಂತ ಕೆಳಗೆ ಯಾರಾದರೂ ಬರೆಯುತ್ತೀರಿ, ಗೊತ್ತು. ತಪ್ಪಲ್ಲ ಮಾರಾಯ್ರೇ. ನಾನೂ ಪಿಎಫ್ ದುಡ್ಡಲ್ಲೇ ಹೋಗಿದ್ದು. ಕೇಳಿ, ಕಡಿಮೆ ಮಾಡಿಸಿ, ಬೇಡವಾದರೆ ಬಿಟ್ಟು ಬನ್ನಿ. ಆದರೆ ಒಂದು ದೇಶಕ್ಕೆ ಹೋಗಿ ಬಂದು ಹೇಳೋಕೆ ಅದೊಂದೇ ಮಾತು ಉಳಿದರೆ ವೀಸಾ ಯಾಕೆ ಬೇಕಿತ್ತು? ಗಾಂಧಿ ಬಜಾರ್ ಸಾಕಿತ್ತು.

ಆ ಪದ ನನಗೆ ಯಾಕೆ ಚುಚ್ಚುತ್ತೆ ಅಂತ ಹಳೇ ಗೆಳೆಯರಿಗೆ ಗೊತ್ತು. ಅಪ್ಪ ತಳವಾರಘಟ್ಟದಲ್ಲಿ ಹರಿಗೋಲು ಹಾಕುತ್ತಿದ್ದ. ಹಂಪಿ ಕಡೆಯಿಂದ ಆನೆಗೊಂದಿಗೆ ಜನ ದಾಟಿಸೋ ಕೆಲಸ. ಇಂಗ್ಲಿಷ್‌ನಲ್ಲಿ ಅವನಿಗೆ ಎರಡೇ ಮಾತು ಬರುತ್ತಿತ್ತು. ಒಂದು 'ಕಮ್', ಅದು ಅವನು ಹೇಳುತ್ತಿದ್ದದ್ದು. ಇನ್ನೊಂದು 'ಟೂ ಮಚ್', ಅದು ಅವನು ಕೇಳಿಸಿಕೊಳ್ಳುತ್ತಿದ್ದದ್ದು. ಐದು ರೂಪಾಯಿಗೆ ಜಗಳ ಆಡಿ, ಆಚೆ ದಡದಲ್ಲಿ ಇಳಿದು, 'ಇಂಡಿಯಾ ಸೋ ಚೀಪ್' ಅಂತ ನಗುತ್ತಾ ಹೋದವರನ್ನ ನಾನು ಹುಟ್ಟು ಹಿಡಿದು ಕೂತು ನೋಡಿದ್ದೇನೆ.

ಹೊಯ್ ಆನ್ ಪಕ್ಕದ ಕಾಮ್ ಥಾನ್‌ನಲ್ಲಿ ಅದೇ ಹರಿಗೋಲು ಸಿಕ್ಕಿತು. ಬಿದಿರು ಹೆಣೆದ ಗುಂಡು ದೋಣಿ. ನೀರು ಒಳಗೆ ಬರದಂತೆ ಸಗಣಿ ಸಾರಿಸಿ, ಮರದ ಎಣ್ಣೆ ಬಳಿಯುತ್ತಾರಂತೆ. ನೀರಲ್ಲೇ ಬೆಳೆಯೋ 'ನೀರು ತೆಂಗಿನ' ಕಾಡಿನ ನಡುವೆ ಸ್ಪೀಕರ್ ಹಚ್ಚಿ, ದೋಣಿಯನ್ನ ಬುಗುರಿ ಥರ ತಿರುಗಿಸಿ ಪ್ರವಾಸಿಗರನ್ನ ನಗಿಸುತ್ತಾರೆ. ನಾನು ಹುಟ್ಟು ಕೇಳಿ ಈಸಿಕೊಂಡು ಎರಡು ಸುತ್ತು ಹಾಕಿದೆ. ಹುಟ್ಟು ಕೊಟ್ಟ ಹೆಂಗಸು ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಏನೂ ಹೇಳಲಿಲ್ಲ. ಸ್ಪೀಕರ್ ಮಾತ್ರ ಬಂದ್ ಮಾಡಿದಳು.

ಹಾಗಂತ ನಾನೇನು ಸಾಚಾ ಅಲ್ಲ. ಇದನ್ನ ಹೆಂಡತಿಗೂ ಪೂರ್ತಿ ಹೇಳಿಲ್ಲ. ಅವತ್ತು ಸಂಜೆ ಹೊಯ್ ಆನ್‌ನ ನದಿ ದಂಡೆಯಲ್ಲಿ ಎಳನೀರು ಕೇಳಿದೆ. ಕಾವಡಿ ಇಳಿಸಿಕೊಂಡು ಕೂತಿದ್ದ ಹೆಂಗಸು 30 ಸಾವಿರ ಡಾಂಗ್ ಅಂದಳು. ಬಾಯಿಗೆ ಅದೇ ಬಂತು ನೋಡಿ, 'ಟೂ ಮಚ್!' ಅಪ್ಪನ ಮಗ! 20 ಸಾವಿರಕ್ಕೆ ಇಳಿಸಿದೆ. ಉಳಿಸಿದ್ದು ನಮ್ಮ 35 ರೂಪಾಯಿಯೂ ಇಲ್ಲ. ಕುಡಿದು, ನೀಲಿ ನೋಟು ಕೊಟ್ಟು, ಎದೆ ಉಬ್ಬಿಸಿಕೊಂಡು ಜಪಾನೀ ಸೇತುವೆ ಕಡೆ ನಡೆದೆ.

ಯಾರೋ ತೋಳು ಜಗ್ಗಿದರು. ಅವಳೇ. ಕಾವಡಿ ಬಿಟ್ಟು ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಕೈಯಲ್ಲಿದ್ದದ್ದು 5 ಲಕ್ಷದ ನೋಟು. ಅಂದರೆ ಸುಮಾರು 1,700 ರೂಪಾಯಿ. ಅಲ್ಲಿ 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ, ಎರಡರ ಮೇಲೂ, ನಮ್ಮ ನೋಟಿನ ಗಾಂಧಿ ಥರ, ಅವರ ನಾಯಕ ಹೋ ಚಿ ಮಿನ್ ಮುಖ. ಹಿಂದೆ ತಿರುಗಿಸಿದರೆ ಚಿಕ್ಕ ನೋಟಿನಲ್ಲಿ ಇದೇ ಜಪಾನೀ ಸೇತುವೆ ಇದೆ, ದೊಡ್ಡದರಲ್ಲಿ ಹೋ ಚಿ ಮಿನ್ ಹುಟ್ಟಿದ ಮನೆ. 28 ವರ್ಷ ಕ್ಯಾಶ್ ಕೌಂಟರ್‌ನಲ್ಲಿ ಕೂತವನು ನಾನು. ಹರಿದ ನೋಟನ್ನ ಬೆರಳಲ್ಲೇ ಗುರುತು ಹಿಡಿಯುತ್ತಿದ್ದವನು. ಅವಳು ಒಂದೊಂದೇ ಸೊನ್ನೆ ಮೇಲೆ ಬೆರಳಿಟ್ಟು ನನಗೆ ಲೆಕ್ಕ ಕಲಿಸಿದಳು.

ಪರ್ಸ್ ತೆರೆದು ಹಿಡಿದೆ. ತಾನೇ 20 ಸಾವಿರದ ನೋಟು ಎಳೆದಳು. ನನ್ನ ಮುಖ ನೋಡಿದಳು. ಇನ್ನೊಂದು 10 ಸಾವಿರದ್ದೂ ಎಳೆದಳು. ಹೋದಳು.

'ಎಂಥ ಮುಗ್ಧ ಜನ' ಅಂತ ಕಣ್ಣೀರು ಹಾಕಬೇಡಿ. ಹನೋಯ್‌ನಲ್ಲಿ ಒಬ್ಬ ಕೇಳದೇ ನನ್ನ ಚಪ್ಪಲಿಗೆ ಗಮ್ ಹಚ್ಚಿ 2 ಲಕ್ಷ ಡಾಂಗ್ ಕೇಳಿದ. ಎಲ್ಲಾ ಊರಿನ ಹಾಗೇ ಅಲ್ಲೂ ಎಲ್ಲಾ ಥರದವರಿದ್ದಾರೆ.

ಇನ್ನೊಂದು ಹೊಟ್ಟೆಯುರಿ ಇದೆ. ಹೊಯ್ ಆನ್‌ನಿಂದ 40 ಕಿಲೋಮೀಟರ್ ದೂರದಲ್ಲಿ ಮೀ ಸನ್. ಹಿಂದೆ ಆ ಸೀಮೆ ಆಳಿದ ಚಾಮ್ ರಾಜರು ಇಟ್ಟಿಗೆಯಲ್ಲಿ ಕಟ್ಟಿಸಿದ ಶಿವನ ಗುಡಿಗಳು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ದೊಡ್ಡ ಗೋಪುರಗಳು ಉರುಳಿದವು. ಭಾರತದ ಪುರಾತತ್ವ ಇಲಾಖೆಯವರೇ ಹೋಗಿ ಕೆಲವು ಗುಡಿಗಳನ್ನ ದುರಸ್ತಿ ಮಾಡಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಹಾಳು ಹಂಪಿಯಲ್ಲಿ ಬೆಳೆದವನಿಗೆ ಅಲ್ಲಿ ನಿಂತಾಗ ಏನಾಯಿತು ಅಂತ ಬರೆಯೋಕೆ ಬರಲ್ಲ. 22 ಜನರಲ್ಲಿ ಬಂದವರು ಐದೇ ಜನ. ಉಳಿದವರು ಅವತ್ತು ಬಟ್ಟೆ ಹೊಲಿಸಿಕೊಳ್ಳೋಕೆ ಹೋಗಿದ್ದರು. ಸೂಟು ಚೀಪ್ ಅಂತೆ.

ಇದನ್ನ ಬರೆಯುತ್ತಿರುವಾಗಲೇ ಬೀಗರ ಮೆಸೇಜು ಬಂತು. ಟೂರಿನವರ ನಂಬರ್ ಬೇಕಂತೆ, ದಸರಾ ರಜೆಗೆ ಮನೆಮಂದಿಯೆಲ್ಲ ಹೊರಟಿದ್ದಾರಂತೆ. ಕಳಿಸಿದ್ದೇನೆ. ಜೊತೆಗೆ ಎರಡೂ ನೀಲಿ ನೋಟಿನ ಫೋಟೋ ಕಳಿಸಿದ್ದೇನೆ.