ಜಿಗಣೆ ಸಿನಿಮಾ: ನನ್ನ ಪೋಸ್ಟಿಗೊಂದು ತಿದ್ದುಪಡಿ

‘ಅಟ್ಯಾಕ್ ಆಫ್ ದಿ ಜೈಂಟ್ ಲೀಚಸ್’ (1959) ರೋಜರ್ ಕಾರ್ಮನ್ ನಿರ್ದೇಶನದ ಚಿತ್ರ, ಫ್ಲಾರಿಡಾದ ಜೌಗಿನಲ್ಲೇ ಚಿತ್ರೀಕರಣವಾಯಿತು ಎಂದು ನಾನು ಬರೆದಿದ್ದೆ. ಎರಡೂ ತಪ್ಪು. ಅದೀಗ ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಿದೆ, ಕ್ಷಮೆಯಿರಲಿ.

ನಿರ್ದೇಶಕ ಬರ್ನಾರ್ಡ್ ಕೊವಾಲ್‌ಸ್ಕಿ. ರೋಜರ್ ಕಾರ್ಯಕಾರಿ ನಿರ್ಮಾಪಕ, ಅವರ ತಮ್ಮ ಜೀನ್ ನಿರ್ಮಾಪಕ. ಚಿತ್ರದ ಟೈಟಲ್ ಕಾರ್ಡನ್ನು ನಿಲ್ಲಿಸಿ ಓದಿದರೆ ಇದು ಸ್ಪಷ್ಟ. ಕೊವಾಲ್‌ಸ್ಕಿಗೆ ಸಲ್ಲಬೇಕಾದ ಹೆಸರು ನನ್ನಿಂದ ತಪ್ಪಿತಲ್ಲ ಎಂಬುದೇ ಬೇಸರ.

ಕಥೆ ನಡೆಯುವುದು ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ, ನಿಜ. ಆದರೆ ತೆರೆಯ ಮೇಲಿನ ಆ ಜೌಗು ಕ್ಯಾಲಿಫೋರ್ನಿಯಾದ ಆರ್ಕೇಡಿಯಾದ ಸಸ್ಯೋದ್ಯಾನದ್ದು. ನೀರಿನಡಿ ಗುಹೆಯಲ್ಲಿ ರಕ್ತ ಹೀರುವ ಜಿಗಣೆಗಳು ಉಡುಪು ತೊಟ್ಟ ಮನುಷ್ಯರೇ. ಆ ಕೈಕೆಲಸ ನನಗೆ ಇಂದಿಗೂ ಇಷ್ಟ.

ಹಳೆಯ ಪೋಸ್ಟನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಲ್ಲಿಗೇ ಇದನ್ನೂ ಕಳಿಸಿ.